ಪೌಂಡು, ಯೆನ್ನು ಮತ್ತು ನಂಜಪ್ಪ

ಕೈಪಿಡಿ ಓದಿ ಕೆಲಸ ಕಲಿತ ಡಿಟಿಪಿಯವರನ್ನು ನಾನಂತೂ ಕಂಡಿಲ್ಲ. ನಾವೆಲ್ಲ ಪಕ್ಕದವರ ಹೆಗಲ ಮೇಲಿಂದ ಇಣುಕಿ ಕಲಿತವರು. ಕೈಪಿಡಿ ನೆನಪಾಗುವುದು ಕೆಲಸ ಕೈಕೊಟ್ಟಾಗ, ಅದೂ ಗಿರಾಕಿ ಎದುರಿಗೇ ಕೂತಿರುವಾಗ. ಆಗ ಓದಲು ಪುರುಸೊತ್ತೆಲ್ಲಿ? ಹುಡುಕಬೇಕು, ಅಷ್ಟೆ.

ಮಧುರೆಯಲ್ಲಿ ನನ್ನದು ಜೆರಾಕ್ಸ್, ಲ್ಯಾಮಿನೇಷನ್, ಲಗ್ನಪತ್ರಿಕೆಯ ಅಂಗಡಿ. ಶ್ರಾವಣ ಶನಿವಾರಗಳಲ್ಲಿ ಶನಿಮಹಾತ್ಮನ ದರ್ಶನಕ್ಕೆ ಜನ ಬರುವ ಮುಂಚೆಯೇ ಕರಪತ್ರ, ಬ್ಯಾನರ್ ಅಂತ ನನ್ನ ಅಂಗಡಿಗೂ ಜನ ಬರುತ್ತಾರೆ. ಒಮ್ಮೆ ಒಂದು ಸಂಘದ ವಾರ್ಷಿಕ ವರದಿಗೆ ಪುಟಸಂಖ್ಯೆ ಹಾಕಬೇಕಿತ್ತು. ಪುಟ ಕೂರಿಸುವ ತಂತ್ರಾಂಶವಾದ ಪೇಜ್‌ಮೇಕರಿನ ಮಾಸ್ಟರ್ ಪೇಜಿನಲ್ಲಿ ಕಂಟ್ರೋಲ್, ಆಲ್ಟ್, ಪಿ ಒತ್ತಿದರೆ ಎಡಕ್ಕೆ ‘ಐಒ’, ಬಲಕ್ಕೆ ‘ಖಒ’ ಎಂದು ಮೂಡಿತು. ಕನ್ನಡದ ‘ನುಡಿ’ ಫಾಂಟು ತೆಗೆದು ಇಂಗ್ಲಿಷ್ ಫಾಂಟು ಹಾಕಿದೆ. ‘ಐಒ’ ಹೋಗಿ ‘ಎಲ್‌ಎಂ’, ‘ಖಒ’ ಹೋಗಿ ‘ಆರ್‌ಎಂ’ ಬಂತು. ಕೈಪಿಡಿಯ ಪಿಡಿಎಫ್ ತೆರೆದು ಹುಡುಕುವ ಪೆಟ್ಟಿಗೆಗೆ ‘ಎಲ್‌ಎಂ’ ಎಂದು ಹಾಕಿದ್ದೇ ತಡ, ವ್ಯೂವರ್ ಉತ್ತರದ ಸಾಲಿಗೇ ತಂದು ನಿಲ್ಲಿಸಿತು. ಆ ಎರಡು ಜೋಡಿ ಎಡ-ಬಲ ಮಾಸ್ಟರ್ ಪುಟಗಳ ಗುರುತಂತೆ. ನಿಜವಾದ ಅಂಕಿ ಮೂಡುವುದು ಒಳಪುಟಗಳಲ್ಲಿ.

ಈ ಸುಖ ಒಂದೇ ದಿನಕ್ಕೆ ಬಂದದ್ದಲ್ಲ. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯ ಕೈಪಿಡಿಯ ಮೊದಲ ಆವೃತ್ತಿ ಸಿದ್ಧಪಡಿಸಿದ್ದು 1971ರ ನವೆಂಬರಿನಲ್ಲಿ. ಮುಂದೆ ಆ ಪುಟಗಳು ಗಣಕದೊಳಗೇ ಸೇರಿ, ‘ಮ್ಯಾನ್’ ಎಂದು ಟೈಪಿಸಿದರೆ ಪರದೆಗೆ ಬರುವಂತಾದವು. 1985ರಲ್ಲಿ ಪೇಜ್‌ಮೇಕರ್ ಬಂದ ಕಾಲಕ್ಕೆ ಕೈಪಿಡಿಯೆಂದರೆ ದಪ್ಪ ಪುಸ್ತಕ. ಕೊನೆಯ ಪುಟಗಳ ಪದಸೂಚಿಯೇ ಗತಿ. ಸೂಚಿ ಮಾಡಿದವರಿಗೆ ಹೊಳೆಯದ ಪದ ನಮಗೂ ಸಿಗುತ್ತಿರಲಿಲ್ಲ. 1993ರಲ್ಲಿ ಅಡೋಬಿಯವರ ಪಿಡಿಎಫ್ ಬಂತು, 2008ರಲ್ಲಿ ಅದು ಐಎಸ್‌ಒ ಮಾನಕವಾಯಿತು. ಈಗ ಕೈಪಿಡಿಯ ಯಾವ ಪದ ಕೇಳಿದರೂ ಹಾಜರ್.

ಆದರೆ ಆ ಕೈಪಿಡಿ ನೋಡಿಕೊಂಡು ನಾನು ಕನ್ನಡದಲ್ಲಿ ಕೂರಿಸಿದ ಪುಟಗಳ ಪಾಡೇ ಬೇರೆ. ಲೋಕದ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯುನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಕೊಟ್ಟಿತ್ತು. ಪೇಜ್‌ಮೇಕರಿಗೆ ಯುನಿಕೋಡಿನ ಗಂಧವೇ ಇರಲಿಲ್ಲ. ಒಂದು ಫಾಂಟಿಗೆ ಹೆಚ್ಚೆಂದರೆ 256 ಮನೆ, ಅವೂ ಇಂಗ್ಲಿಷಿನವರ ಹೆಸರಲ್ಲಿ. ನಮ್ಮ ಅಕ್ಷರ, ಒತ್ತು, ಗುಣಿತಗಳನ್ನೆಲ್ಲ ಅಲ್ಲೇ ಬಾಡಿಗೆಗೆ ಕೂರಿಸಿದ್ದು ಆ ಕಾಲದ ಜಾಣತನ. ಹಾಗಾಗಿ ನುಡಿಯಲ್ಲಿ ‘ನ’ ಕೂತಿದ್ದು ಇಂಗ್ಲೆಂಡಿನ ಪೌಂಡ್ ಗುರುತಿನ ಮನೆಯಲ್ಲಿ, ‘ಪ’ ಕೂತಿದ್ದು ಜಪಾನಿನ ಯೆನ್ ಗುರುತಿನ ಮನೆಯಲ್ಲಿ.

ಇದರ ಬಿಸಿ ತಟ್ಟಿದ್ದು ತಾತನೊಬ್ಬರು ಬಂದಾಗ. ನಾನೇ ಹಿಂದೆ ಮಾಡಿಕೊಟ್ಟಿದ್ದ ದಾನಿಗಳ ಪಟ್ಟಿಯಲ್ಲಿ ಅವರ ಅಣ್ಣ ನಂಜಪ್ಪನ ಹೆಸರು ಬೇಕಿತ್ತು. ಪಿಡಿಎಫ್ ತೆರೆದು ‘ನಂಜಪ್ಪ’ ಎಂದು ಹಾಕಿದೆ. ಏನೂ ಸಿಗಲಿಲ್ಲ ಎಂದಿತು ಪರದೆ. ತಾತ ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟು ತೋರಿಸಿದರು: “ಹೆಸ್ರು ಕಣ್ಮುಂದೇನೇ ಐತಲ್ಲಪ್ಪ, ಇನ್ನೇನ್ ಹುಡುಕ್ತೀಯ?”

“ಇನ್ನೂ ಎಲ್ಲೆಲ್ಲಿ ಐತೋ ನೋಡಾಣ ಇರಿ ತಾತ,” ಎಂದು ಪೇಜ್‌ಮೇಕರಿನಲ್ಲಿ ನುಡಿ ಫಾಂಟಿನಿಂದ ಅದೇ ಹೆಸರು ಹೊಡೆದು, ಕಾಪಿ ಮಾಡಿ ಹುಡುಕುವ ಪೆಟ್ಟಿಗೆಗೆ ಅಂಟಿಸಿದೆ. ಪೆಟ್ಟಿಗೆಯೊಳಗೆ ನಂಜಪ್ಪ ಹೀಗಾದ: ಒಂದು ಪೌಂಡ್ ಗುರುತು, ತಲೆಯ ಮೇಲೆ ಗೀಟು ಹೊತ್ತ ಎ, ಬೋಳು ಎ, ಒಂದು ಡಿ, ಯೆನ್ ಗುರುತು, ಮತ್ತೆ ಗೀಟಿನ ಎ, ಕೊನೆಗೊಂದು ಪುಟಾಣಿ ಎ. ಎಂಟರ್ ಒತ್ತಿದರೆ ಪಟ್ಟಿಯ ನಂಜಪ್ಪಂದಿರೆಲ್ಲ ಒಬ್ಬೊಬ್ಬರಾಗಿ ಎದ್ದು ಬಂದರು. ಪಾಪ, ಅವರು ಕೊಟ್ಟಿದ್ದು ರೂಪಾಯಿ. ಯಂತ್ರ ಬರೆದುಕೊಂಡಿದ್ದು ಪೌಂಡು, ಯೆನ್ನುಗಳಲ್ಲಿ.

ಹೊರದೇಶದ ತಂತ್ರಾಂಶದ ಕೈಪಿಡಿ ಕೇಳಿದೊಡನೆ ಸಿಗಬೇಕು, ನಮ್ಮೂರಿನ ದಾನಿಯ ಹೆಸರಿಗೆ ಮಾತ್ರ ಕಳ್ಳದಾರಿ ಹಿಡಿಯಬೇಕು ಅಂದರೆ ಯಾವ ನ್ಯಾಯ? ಈಗ ಹೊಸ ಕೆಲಸವನ್ನೆಲ್ಲ ಯುನಿಕೋಡಿನಲ್ಲೇ ಮಾಡುತ್ತೇನೆ. ಹಳೆಯದನ್ನು ಪರಿವರ್ತಕಕ್ಕೆ ಹಾಕಿ, ಒತ್ತಕ್ಷರ, ಅರ್ಕಾವತ್ತು ಎಲ್ಲಾದರೂ ಜಾರಿದೆಯೇ ಎಂದು ಸಾಲುಸಾಲೇ ನೋಡುತ್ತೇನೆ. ಅದು ಬೇಡುವ ಹೊತ್ತಿಗೆ ಕೂಲಿಯೂ ಬೇಕಲ್ಲ, ಅದಕ್ಕೇ ಮೊದಲೇ ಕೇಳಿಬಿಡುತ್ತೇನೆ: “ಓದೋಕೆ ಬಂದ್ರೆ ಸಾಕಾ, ಹುಡುಕಿದ್ರೂ ಸಿಗಬೇಕಾ?” ಸಿಗಬೇಕು ಅಂತಲೇ ಎಲ್ಲರೂ ಹೇಳುವುದು. ಪುಟಕ್ಕೆ ಎಷ್ಟು ಎಂದು ಕೇಳಿದ ಮೇಲೆ, “ಹಂಗಾರೆ ಓದೋಕೆ ಬಂದ್ರೆ ಸಾಕು ಬಿಡಿ,” ಅನ್ನುತ್ತಾರೆ.