ಕಾಣದ ಲೋಕದ ಕವಚ

ದೊಡ್ಡಾಟದ ಭೀಮ ತೊಡುವಂಥ ಭುಜಕೀರ್ತಿಯನ್ನು ತೊಟ್ಟು ಯಾವ ಅರಸನೂ ಯುದ್ಧಕ್ಕೆ ಹೋಗಿರಲಿಕ್ಕಿಲ್ಲ. ನಮ್ಮ ಗದಗ ಸೀಮೆಯಲ್ಲಿ ಗುಡಿಯ ಮುಂದೆ, ಕೆರೆಯ ದಂಡೆಯಲ್ಲಿ ನಿಂತ ವೀರಗಲ್ಲುಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಕತ್ತಿ ಹಿರಿದು ನಿಂತವನ ಎದೆ ಬಹುಮಟ್ಟಿಗೆ ಬರಿದು. ಬಿಗಿದು ಕಟ್ಟಿದ ಕಚ್ಚೆ, ಕೈಯಲ್ಲೊಂದು ಗುರಾಣಿ, ಅಷ್ಟೇ. ನಿಜವಾಗಿ ಕಾದಿ ಸತ್ತವರ ಚಿತ್ರ ಊರ ಕಲ್ಲಿನಲ್ಲೇ ಇದ್ದರೂ ಬಯಲಾಟದ ವೇಷಗಾರರು ಅದನ್ನು ನೋಡಿ ನಕಲು ಮಾಡಲಿಲ್ಲ. ತಲೆಗಿಂತ ದೊಡ್ಡ ಕಿರೀಟ, ಕಿವಿಯಾಚೆ ಚಾಚಿದ ಕರ್ಣಪತ್ರ, ಹೆಗಲಿನ ಅಗಲವನ್ನೇ ಹೆಚ್ಚಿಸುವ ಭುಜಕೀರ್ತಿ, ಎದೆತುಂಬ ಹೊಳೆಯುವ ಕವಚ: ಇವೆಲ್ಲ ಯಾರೂ ಕಣ್ಣಾರೆ ಕಾಣದ ಲೋಕವೊಂದಕ್ಕೆ ಕಲ್ಪಿಸಿ ಮಾಡಿದವು. ಹಾಗಾಗಿ ಮುಶಿಗೇರಿಯ ನಮ್ಮ ಪಡಸಾಲೆಯಲ್ಲಿ ಅಣ್ಣನ ಮಗ ಕೂತು ಬಾಹ್ಯಾಕಾಶದ ಸಿಪಾಯಿಯ ಕವಚ ಕತ್ತರಿಸತೊಡಗಿದಾಗ ಅದು ಪರದೇಶದಿಂದ ಬಂದ ಹುಚ್ಚು ಅಂತ ನನಗೆ ಅನಿಸಲಿಲ್ಲ. ಹಳೆಯ ಕೆಲಸ ಹೊಸ ಸಾಮಾನಿನಲ್ಲಿ ಮುಂದುವರಿದಿದೆ ಎಂದೇ ಅನಿಸಿತು.

ಅವನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಬೇಸಿಗೆ ಸೂಟಿಗೆ ಬರುವಾಗ ಬಸ್ಸಿನ ಮೇಲೆ ಸುರುಳಿ ಸುತ್ತಿದ ಫೋಮ್ ಹಾಳೆ ಹೇರಿಕೊಂಡು ಬಂದ. ಯಾವ ಸಿನಿಮಾದ ಕವಚ ಎಂದು ಕೇಳಿದೆ. "ಸಿನಿಮಾದ್ದಲ್ಲ ಕಾಕಾ, ನಂದ. ಶನಿಗ್ರಹದ ಚಂದ್ರ ಟೈಟನ್ ಐತಲ್ಲ, ಅಲ್ಲಿ ಗಸ್ತು ತಿರುಗಾವ" ಎಂದ. ಟೈಟನ್ನಿನ ನೆಲದ ಮೇಲಿನ ಚಳಿ ಸೊನ್ನೆಗಿಂತ ಸುಮಾರು 180 ಡಿಗ್ರಿ ಕೆಳಗೆ. ನಮ್ಮ ಎರೆಹೊಲದ ಊರಲ್ಲಿ ಆಗ 40ರ ಬಿಸಿಲು. ಆ ಚಳಿಯ ಲೋಕಕ್ಕೆ ಈ ಬಿಸಿಲಲ್ಲಿ ಕೂತು ಅಂಗಿ ಹೊಲಿಯುವ ಧೈರ್ಯ ನನಗೆ ಬಹಳ ಹಿಡಿಸಿತು.

ಈ ಫೋಮು ಹವಾಯಿ ಚಪ್ಪಲಿಯ ಅಟ್ಟೆಗೂ ವ್ಯಾಯಾಮದ ಚಾಪೆಗೂ ಹತ್ತಿರದ ಜಾತಿ. ಈವಿಎ ಅಂತ ಕರೆಯುತ್ತಾರೆ. ಬಿಸಿಗಾಳಿ ಊದುವ ಗನ್ನಿನಿಂದ ಕಾಯಿಸಿದರೆ ಅದರ ಮೇಲ್ಮೈಯ ಸಣ್ಣ ರಂಧ್ರಗಳು ಮುಚ್ಚಿಕೊಂಡು ನುಣುಪಾಗುತ್ತದೆ. ಬಿಸಿಯಿರುವಾಗ ಮೊಣಕಾಲ ಮೇಲೆ ಒತ್ತಿ ಹಿಡಿದು ಆರಲು ಬಿಟ್ಟರೆ ಆ ಬಾಗು ಹಾಗೇ ಉಳಿಯುತ್ತದೆ. ಅಂಟಿಸುವುದಕ್ಕೆ ಚಪ್ಪಲಿ ರಿಪೇರಿಯವರು ಬಳಸುವ ಸಲ್ಯೂಷನ್ನೇ ಬೇಕು. ಎರಡೂ ಅಂಚಿಗೆ ತೆಳ್ಳಗೆ ಸವರಿ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗಿಸಿ, ಆಮೇಲೆ ಜೋಡಿಸಬೇಕು. ಒಮ್ಮೆ ಕೂಡಿದ ಮೇಲೆ ಸರಿಸಲಿಕ್ಕೆ ಬರುವುದಿಲ್ಲ. ಬಣ್ಣ ಹಚ್ಚುವ ಮುಂಚೆ ನೀರು ಬೆರೆಸಿದ ಫೆವಿಕಾಲನ್ನು ಪದರಪದರವಾಗಿ ಬಳಿಯಬೇಕು. ಸಾರಿಸಿದ ಮೇಲೆ ಮಣ್ಣಿನ ಗೋಡೆಯ ಬಿರುಕು ಮುಚ್ಚಿಹೋಗುವಂತೆ ಫೋಮಿನ ಬಾಯಿ ಕಟ್ಟಿಕೊಳ್ಳುತ್ತದೆ. ಇಲ್ಲದಿದ್ದರೆ ಎಷ್ಟು ಬಣ್ಣ ಹಚ್ಚಿದರೂ ಅದು ಕುಡಿಯುತ್ತಲೇ ಇರುತ್ತದೆ.

ಅಳತೆಯದೇ ದೊಡ್ಡ ಕೆಲಸ. ಹಳೆಯ ಬನಿಯನ್ ತೊಡಿಸಿ, ಮೇಲೆ ಪ್ಯಾಕಿಂಗ್ ಟೇಪನ್ನು ಬಿಗಿಯಾಗಿ ಸುತ್ತಿ, ಟೇಪಿನ ಮೇಲೆ ಗೆರೆ ಎಳೆದು, ಗೆರೆಯ ಗುಂಟ ಕತ್ತರಿಸಿ ಬಿಡಿಸಿದರೆ ಮೈಯ ಪಡಿಯಚ್ಚು ಸಿಗುತ್ತದೆ. ಆದರೆ ಬಿಡಿಸಿದ್ದನ್ನು ಚಪ್ಪಟೆ ಮಾಡಿದರೆ ಎದೆಯ ಉಬ್ಬು ಎಲ್ಲಿಗೆ ಹೋಗಬೇಕು? ಹುಡುಗ ಕಂಪ್ಯೂಟರಿನಲ್ಲಿ ತಲೆ ಕೆಡಿಸಿಕೊಂಡು ಕೂತಿದ್ದ. ಒಳಗಿನಿಂದ ಬಂದ ವೈನಿ ಒಂದು ಕ್ಷಣ ನೋಡಿ, ಸೀಮೆಸುಣ್ಣದಿಂದ ಎರಡು ಕಡೆ ತ್ರಿಕೋನ ಗುರುತು ಹಾಕಿದರು. "ಟಕ್ಸ್ ಕೊಡ್ಲಾರದ ಕುಬಸ ಮೈಗೆ ಕೂಡ್ತೈತೇನೋ?" ಅಂದರು. ಗುಳೇದಗುಡ್ಡದ ಖಣ ಕತ್ತರಿಸಿ ಊರ ಹೆಣ್ಣುಮಕ್ಕಳ ಕುಬಸ ಹೊಲಿದ ಕೈ ಅದು. ಟೈಟನ್ ಕಾವಲುಗಾರನ ಎದೆಗವಚ ಕೂತಿದ್ದು ಆ ಎರಡು ತ್ರಿಕೋನದಿಂದ.

ಇದನ್ನು ಹೇಳುವಾಗ ಮರ್ಟಲ್ ಡಗ್ಲಸ್ ನೆನಪಾಗುತ್ತಾರೆ. 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನ ನಡೆದಾಗ, ಮೊರೋಜೊ ಎಂಬ ಹೆಸರಿನಿಂದ ಬಳಗದಲ್ಲಿ ಪರಿಚಿತರಾಗಿದ್ದ ಈ ಹೆಣ್ಣುಮಗಳು ತಮಗೂ ಗೆಳೆಯ ಫಾರೆಸ್ಟ್ ಆಕರ್‌ಮನ್‌ಗೂ ಭವಿಷ್ಯದ ಉಡುಪು ಹೊಲಿದುಕೊಂಡು ಹೋದರು. 1936ರ 'ಥಿಂಗ್ಸ್ ಟು ಕಮ್' ಸಿನಿಮಾದ ವೇಷ ಅದಕ್ಕೆ ಪ್ರೇರಣೆ. ವೈಜ್ಞಾನಿಕ ಕಥೆಯ ವೇಷ ತೊಟ್ಟು ತಿರುಗುವ ಪರಂಪರೆಯನ್ನು ಅಲ್ಲಿಂದಲೇ ಎಣಿಸುತ್ತಾರೆ. ಆಕರ್‌ಮನ್‌ರನ್ನು ಬಹಳ ಕಾಲ ಕೊಂಡಾಡಿದರು, ಹೊಲಿದವರ ಹೆಸರು ತಡವಾಗಿ ಬಂತು. ವೇಷದ ವಿಷಯದಲ್ಲಿ ನಮ್ಮಲ್ಲೂ ಹೀಗೇ ಆಗಿದೆ. ಕುಣಿದವನ ಹೆಸರು ಊರು ನೆನೆಯುತ್ತದೆ; ಅವನ ಕಿರೀಟಕ್ಕೆ ಬೇಗಡೆ ಅಂಟಿಸಿದವನ ಹೆಸರು ಅವನ ಮನೆಯವರಿಗಷ್ಟೇ ಗೊತ್ತು.

ಇನ್ನೊಂದು ಇಸವಿ 1977. ಆ ವರ್ಷ ಅಮೆರಿಕದಲ್ಲಿ 'ಸ್ಟಾರ್ ವಾರ್ಸ್' ತೆರೆಕಂಡಿತು. ಅದೇ ವರ್ಷ ಇಲ್ಲಿ ರಾಜಕುಮಾರ್ ಅರ್ಜುನನಾಗಿಯೂ ಬಬ್ರುವಾಹನನಾಗಿಯೂ ಕಿರೀಟ ತೊಟ್ಟು ತಮಗೆ ತಾವೇ ಎದುರಾದರು. ಒಂದು ಕಡೆ ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಹಾಸಿ, ಅಡಿಯಿಂದ ಗಾಳಿ ಹೀರಿ ಮಾಡಿದ, ಸಿಪಾಯಿಗಳ ಬಿಳಿ ಕವಚ. ಇನ್ನೊಂದು ಕಡೆ ಕಂಪನಿ ನಾಟಕ, ಬಯಲಾಟಗಳಿಂದ ಹರಿದು ಬಂದ ಹೊಳೆವ ಕವಚ. ಉತ್ತರ ಕರ್ನಾಟಕದ ಟೆಂಟುಗಳಲ್ಲಿ ಬಬ್ರುವಾಹನನನ್ನು ನೋಡಿ ಬಂದ ಹುಡುಗರು ರಟ್ಟಿನ ಕಿರೀಟ ಮಾಡಿಕೊಂಡು ಓಣಿಯಲ್ಲಿ ಬಾಣ ಬಿಟ್ಟರು, ಅಮೆರಿಕದ ಹುಡುಗರು ಬಿಳಿ ಸಿಪಾಯಿಗಳಾದರು. ಅಲ್ಲಿ ಆ ಆಟ ಬೆಳೆದವರ ಕೈಗೂ ಬಂತು. 1997ರಲ್ಲಿ ದಕ್ಷಿಣ ಕೆರೊಲಿನಾದ ಆಲ್ಬಿನ್ ಜಾನ್ಸನ್ ಕಟ್ಟಿದ 501ನೇ ಲೀಜನ್ ಎಂಬ ಬಳಗದಲ್ಲಿ ಇವತ್ತು ದೇಶದೇಶದ ಜನ ಇದ್ದಾರೆ. ಮನೆಯಲ್ಲೇ ಕವಚ ಸಿದ್ಧಮಾಡಿಕೊಂಡು ಆಸ್ಪತ್ರೆಗಳಲ್ಲಿ ಮಲಗಿದ ಮಕ್ಕಳನ್ನು ನೋಡಲು ಹೋಗುತ್ತಾರೆ, ದಾನಧರ್ಮಕ್ಕೆ ಹಣ ಕೂಡಿಸುತ್ತಾರೆ. ಬೆಂಗಳೂರಿನ ಕಾಮಿಕ್ ಕಾನ್‌ನಲ್ಲೂ ಈಗ ಫೋಮಿನ ಕವಚದ ಹುಡುಗ ಹುಡುಗಿಯರು ಗುಂಪುಗುಂಪಾಗಿ ಕಾಣುತ್ತಾರೆ. ನಮ್ಮವನೂ ಅಲ್ಲಿಗೇ ಹೊರಟವನು.

ಆದರೆ ಅದಕ್ಕೂ ಮುಂಚೆ ಅವನನ್ನು ಕಿನ್ನಾಳಕ್ಕೆ ಕರೆದುಕೊಂಡು ಹೋದೆ. ನೆರೆಯ ಕೊಪ್ಪಳ ಜಿಲ್ಲೆಯ ಊರು. ಅಲ್ಲಿನ ಚಿತ್ರಗಾರರ ಹಿರಿಯರೇ ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರ ಬರೆದವರೆಂದು ಹೇಳಿಕೆ. ಹಗುರ ಕಟ್ಟಿಗೆ ಕೆತ್ತಿ, ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿಯ ನಾರನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಕಟ್ಟಿಗೆಯ ಪುಡಿ ಮತ್ತು ಅದೇ ಅಂಟಿನ ಜೊತೆ ಕಲಸಿದರೆ ಕಿಟ್ಟ ಆಗುತ್ತದೆ. ಅದನ್ನು ಮೈತುಂಬ ಮೆತ್ತಿ, ಮೇಲೆ ಅರಿವೆಯ ಚೂರು ಅಂಟಿಸಿ, ಆಮೇಲೆ ಕಲ್ಲಿನ ಪುಡಿಯ ಲೇಪ, ಕೊನೆಗೆ ಬಣ್ಣ. ಒಡವೆಗಳನ್ನು ಕೆತ್ತುವುದಿಲ್ಲ, ಆ ಲೇಪದಿಂದಲೇ ಉಬ್ಬಿಸಿ ಬರೆಯುತ್ತಾರೆ. ಹುಡುಗ ನಿಂತಲ್ಲೇ ನಿಂತುಬಿಟ್ಟ. ಒಳಗೆ ಹಗುರ, ಹೊರಗೆ ತೆಳ್ಳನೆಯ ಗಟ್ಟಿ ಪದರ, ನಡುವೆ ಹಿಡಿದಿಡುವ ನಾರು: ಅವನ ಪಠ್ಯಪುಸ್ತಕದಲ್ಲಿ ವಿಮಾನದ ರೆಕ್ಕೆಯ ಪಾಠದಲ್ಲಿದ್ದ ತತ್ವ. ಬಂದವನೇ ತನ್ನ ಶಿರಸ್ತ್ರಾಣದ ಒಳಗೆ ಗೋಣಿಯ ತುಂಡು ಅಂಟಿಸಿದ. ಆ ಬಾಗು ಮತ್ತೆ ಅಲುಗಲಿಲ್ಲ.

ನಮ್ಮ ಸೀಮೆಯಲ್ಲಿ ಆಟದ ವೇಷ ಕಟ್ಟುತ್ತಲೇ ಆಯುಷ್ಯ ಕಳೆದ ಒಬ್ಬ ಅಜ್ಜ ಇದ್ದಾರೆ. ಅವರು ನಮ್ಮನೆಗೆ ಬಂದ ದಿನವೇ ನನಗೆ ಈ ಬರಹ ಬರೆಯಬೇಕೆನಿಸಿದ್ದು. ಅವರು ಫೋಮಿನ ಕವಚವನ್ನು ಒಂದು ಬೆರಳಲ್ಲಿ ಎತ್ತಿ ನೋಡಿದರು, ಒಳಮೈ ತಿರುಗಿಸಿ ಪಟ್ಟಿಗಳನ್ನು ಎಳೆದು ನೋಡಿದರು. ಹೊರಗಿನ ಬಣ್ಣವನ್ನು ಕೊನೆಗೆ ನೋಡಿದರು. "ಭಾರ ಎಲ್ಲಾ ಹೆಗಲ ಮ್ಯಾಲೆ ಇಟ್ಟೀಯಲ್ಲೋ ತಮ್ಮಾ. ನಡುರಾತ್ರಿಗೆ ಕೈ ಏಳೂದಿಲ್ಲ. ನಡಕ್ಕ ಇಳಸು" ಎಂದರು. ಅಂಟುಪಟ್ಟಿ ಬೆವರಿಗೆ ಬಿಟ್ಟುಕೊಳ್ಳುತ್ತದೆ, ಹತ್ತಿಯ ಲಾಡಿ ಬೆವರಿಗೆ ಇನ್ನೂ ಬಿಗಿಯಾಗುತ್ತದೆ ಎಂದು ತೋರಿಸಿದರು. ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಕಲಿಸಿದರು. ವೇಷದವನಿಗೆ ತಲೆ ಸುತ್ತಿದರೆ ಮೊದಲು ಬಿಚ್ಚಬೇಕಾದದ್ದು ಯಾವ ಗಂಟು ಎಂಬುದನ್ನೂ.

ಆಟದ ಕವಚದ ಹೊಳಪಿನ ಗುಟ್ಟನ್ನೂ ಅಜ್ಜನೇ ಬಿಡಿಸಿದರು. ಕರೆಂಟು ಬರುವ ಮುಂಚೆ ಆಟ ನಡೆಯುತ್ತಿದ್ದದ್ದು ದೀವಟಿಗೆಯ ಬೆಳಕಲ್ಲಿ, ಆಮೇಲೆ ಗ್ಯಾಸ್‌ಬತ್ತಿಯಲ್ಲಿ. ಆ ಬೆಳಕಿಗೆ ಬರೀ ಬಣ್ಣ ಹಚ್ಚಿದ ಹಲಗೆ ಸ್ವಲ್ಪ ದೂರದಲ್ಲೇ ಮಂಕಾಗಿಬಿಡುತ್ತದೆ. ಕನ್ನಡಿ ಚೂರನ್ನು ಒಂದೊಂದು ಒಂದೊಂದು ಓರೆಗೆ ಕೂರಿಸಿದರೆ, ವೇಷದವನು ಹೆಜ್ಜೆ ಹಾಕಿದಂತೆ ಯಾವುದೋ ಒಂದು ಚೂರು ಬೆಳಕು ಹಿಡಿದು ಹಿಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತವನ ಕಣ್ಣಿಗೆ ಮುಟ್ಟಿಸುತ್ತದೆ. ಈಗಿನ ಫೋಕಸ್ ದೀಪಗಳ ಎದುರು ಎಲ್ಲ ಚೂರೂ ಒಮ್ಮೆಗೇ ಕುಕ್ಕುತ್ತವೆ, ಕವಚದ ಆಳ ಹೋಗಿಬಿಡುತ್ತದೆ. ದೊಡ್ಡಾಟವನ್ನು ಆಡಿಸುವವರು ಒಮ್ಮೆಯಾದರೂ ಆ ದೀಪಗಳನ್ನು ಆರಿಸಿ ಹಳೆಯ ಬೆಳಕಲ್ಲಿ ಆಡಿಸಬೇಕು ಎಂಬುದು ನನ್ನ ಕೋರಿಕೆ. ಬಾಗಲಕೋಟೆಯ ಬಯಲಾಟ ಅಕಾಡೆಮಿಗೂ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೂ ಈ ಮಾತು ಸಲ್ಲುತ್ತದೆ: ಕುಣಿತ, ಪದ, ಸಂಭಾಷಣೆಗಳ ಜೊತೆಗೆ ವೇಷ ಮಾಡುವ ಕೈಕೆಲಸವನ್ನೂ ಕಲಿಸಿ. ಬಹಳಷ್ಟು ಮೇಳಗಳು ಈಗ ಬಾಡಿಗೆ ವೇಷಕ್ಕೆ ಬಂದು ನಿಂತಿವೆ. ಫೋಮು ಕತ್ತರಿಸುವ ಹುಡುಗರು ಜಿಲ್ಲೆಗೊಬ್ಬರಿಬ್ಬರು ಸಿಕ್ಕರೂ ಸಾಕು, ಅವರನ್ನು ಇಂಥ ಅಜ್ಜಂದಿರ ಮುಂದೆ ಕೂರಿಸಿ.

ನಮ್ಮ ಹುಡುಗ ಪೂರ್ತಿ ಕವಚ ತೊಟ್ಟು ನಿಂತಾಗ ನಾನು ಕಂಡದ್ದೇ ಬೇರೆ. ಶಿರಸ್ತ್ರಾಣದ ಗಾಜಿನಿಂದ ಅವನಿಗೆ ತನ್ನ ಕಾಲು ಕಾಣದು, ಪಕ್ಕಕ್ಕೆ ನಿಂತವರು ಕಾಣರು. ಉಸಿರಿಗೆ ಗಾಜು ಮಬ್ಬಾಗದಂತೆ ಹಳೆಯ ಕಂಪ್ಯೂಟರಿನ ಸಣ್ಣ ಫ್ಯಾನು ಕೂರಿಸಿದ್ದರೂ ಬೆವರು ಇಳಿಯುತ್ತಲೇ ಇತ್ತು. 'ಸ್ಟಾರ್ ವಾರ್ಸ್'ನಲ್ಲಿ ಒಬ್ಬ ಬಿಳಿ ಸಿಪಾಯಿ ಬಾಗಿಲಿಗೆ ತಲೆ ಹೊಡೆದುಕೊಳ್ಳುವುದು ತೆರೆಯ ಮೇಲೆ ಹಾಗೇ ಉಳಿದಿದೆ. ಒಳಗಿರುವವನ ಪಾಡು ಅದು. ಲಾಡಿ ಬಿಗಿಯಲು ಒಬ್ಬರು, ಹೊಸ್ತಿಲು ಬಂತೆಂದು ಹೇಳಲು ಒಬ್ಬರು, ನೀರು ಕುಡಿಸಲು ಒಬ್ಬರು ಬೇಕು. ಲೋಕವನ್ನೇ ಗೆಲ್ಲುವಂತೆ ಕಾಣುವವನು ತನ್ನ ಬೆನ್ನಿನ ಗಂಟನ್ನು ತಾನು ಕಟ್ಟಿಕೊಳ್ಳಲಾರ. ಭೀಮನೂ ಅಷ್ಟೇ, ದುರ್ಯೋಧನನೂ ಅಷ್ಟೇ. ಆಟಕ್ಕೆ ಮುಂಚೆ ಚೌಕಿಯಲ್ಲಿ ಒಬ್ಬರನ್ನೊಬ್ಬರು ಬಿಗಿದು ಕಟ್ಟಿಕೊಂಡ ಮೇಲೆಯೇ ಅವರು ವೈರಿಗಳಾಗುವುದು.

ಯಾರ ಕೈಯೂ ಬೇಡದ ಕವಚ ಮಹಾಭಾರತದಲ್ಲಿ ಕರ್ಣನದೊಂದೇ. ಹುಟ್ಟುತ್ತಲೇ ಮೈಗಂಟಿ ಬಂದದ್ದು. ಅದನ್ನು ಅವನು ಕೊಯ್ದು ಕೊಟ್ಟುಬಿಡುತ್ತಾನೆ. ಆದರೆ ಕರ್ಣನ ಪಾತ್ರ ಮಾಡುವವನಿಗೆ ಆ ಸಹಜ ಕವಚವನ್ನೂ ಯಾರಾದರೂ ಕಟ್ಟಿಯೇ ಕೊಡಬೇಕು. ನಾನು ಇದನ್ನು ಹೇಳಿದಾಗ ಅಜ್ಜ ತಲೆದೂಗಿದರು, ಹುಡುಗ ಮಾತ್ರ ಎದ್ದು ತನ್ನ ಎಲ್‌ಇಡಿ ಪಟ್ಟಿಗಳನ್ನು ತಂದ. ಕರ್ಣನ ಎದೆಗವಚದ ಒಳಗೇ ಬೆಳಕು ಕೂರಿಸೋಣ, ಬ್ರಾಹ್ಮಣ ವೇಷದ ಇಂದ್ರ ಬಂದು ಬೇಡಿ, ಕರ್ಣ ಕೊಯ್ದು ಕೊಡುವಾಗ ಆ ಬೆಳಕು ಅವನ ಮೈಯಿಂದ ಇಂದ್ರನ ಕೈಗೆ ಹೋಗಲಿ ಅಂದ. ಅಜ್ಜ ಪಟ್ಟಿಯನ್ನು ಅಂಗೈ ಮೇಲೆ ಹಾಸಿಕೊಂಡು ಹೊತ್ತಿಸಿ, ಆರಿಸಿ ನೋಡಿದರು.

"ಎಷ್ಟು ತಾಸು ಉರೀತೈತಿ ಇದು?"

"ಮೂರು ತಾಸು, ಅಜ್ಜಾ."

"ಕವಚ ಕೊಡೂದು ಬೆಳಗಿನ ಜಾವಕ್ಕ ಬರ್ತೈತೋ. ಕರ್ಣ ಹತ್ತು ಹೊಡಿಯೂದ್ರಾಗ ರಂಗಕ್ಕ ಬಂದಿರ್ತಾನ."

ಟೈಟನ್ನಿನ ಕೆಲಸ ಸದ್ಯಕ್ಕೆ ಗೋಡೆಗೆ ಒರಗಿದೆ. ಹುಡುಗ ನಡಪಟ್ಟಿಯ ಎರಡೂ ಬದಿಗೆ ಬ್ಯಾಟರಿ ಕೂರಿಸಿ ಭಾರ ಸರಿದೂಗಿಸುವ ಲೆಕ್ಕ ಹಾಕುತ್ತಿದ್ದಾನೆ. ಅವು ಕುಣಿತಕ್ಕೆ ಜಾರದಂತೆ ವೈನಿ ಖಣದ ತುಂಡಿನಲ್ಲಿ ಚೀಲ ಹೊಲಿಯುತ್ತಿದ್ದಾರೆ.