ಸಿಡಿಯದ ಗುಂಡುಗಳ ಕೋಟೆ

ಹೈಟಿಯ ಉತ್ತರದಲ್ಲಿ ಮೀಲೋ ಎಂಬ ಪುಟ್ಟ ಊರು. ಅದರ ನೆತ್ತಿಗೆ, ಸುಮಾರು 900 ಮೀಟರ್ ಎತ್ತರದ ಬೆಟ್ಟದ ತುದಿಯಲ್ಲಿ ಲಾಫೆರಿಯೇರ್ ಕೋಟೆ. ಬೆಟ್ಟದ ಬುಡದಲ್ಲಿ ಬಾಡಿಗೆ ಕುದುರೆಯವರು ಮುತ್ತಿಕೊಳ್ಳುತ್ತಾರೆ, ಬೇಡವೆಂದರೂ ಅರ್ಧ ದಾರಿಯವರೆಗೆ ಹಿಂದೆ ಬರುತ್ತಾರೆ. ಆದರೂ ನಡೆದು ಹತ್ತುವುದೇ ಲೇಸು. ಇಂಥ ಏರಿನಲ್ಲಿ ಫಿರಂಗಿ ಎಳೆದು ತಂದವರ ಪಾಡು ಆಗ ಕಾಲಿಗೇ ತಿಳಿಯುತ್ತದೆ.

ಫ್ರೆಂಚರ ಆಳ್ವಿಕೆಯಲ್ಲಿ ಈ ನೆಲಕ್ಕೆ ಸಾನ್ ಡೊಮಾಂಗ್ ಎಂದು ಹೆಸರು. ಸಕ್ಕರೆ, ಕಾಫಿಗಳಿಂದ ಫ್ರಾನ್ಸಿಗೆ ಹಣದ ಹೊಳೆ ಹರಿಸಿದ ವಸಾಹತು ಇದು. ದುಡಿಯುತ್ತಿದ್ದವರು ಸುಮಾರು 5 ಲಕ್ಷ ಗುಲಾಮರು. 1791ರ ಆಗಸ್ಟಿನಲ್ಲಿ ಅವರು ದಂಗೆ ಎದ್ದರು, ಉತ್ತರದ ಕಬ್ಬಿನ ತೋಟಗಳು ಹೊತ್ತಿ ಉರಿದವು. 1794ರಲ್ಲಿ ಪ್ಯಾರಿಸ್ ಗುಲಾಮಗಿರಿಯನ್ನು ರದ್ದು ಮಾಡಬೇಕಾಯಿತು. ವಸಾಹತನ್ನು ಮತ್ತೆ ಹಿಡಿತಕ್ಕೆ ತರಲು 1802ರಲ್ಲಿ ನೆಪೋಲಿಯನ್ ದೊಡ್ಡ ಸೈನ್ಯ ಕಳಿಸಿದ. ದಂಗೆಯ ನಾಯಕ ತೂಸಾಂ ಲೂವರ್ತೂರ್ ಸೆರೆಸಿಕ್ಕಿ, 1803ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಚಳಿ ಕೊರೆಯುವ ಜೈಲೊಂದರಲ್ಲಿ ಸತ್ತ. ಅದೇ ವರ್ಷದ ನವೆಂಬರಿನಲ್ಲಿ ಹಳದಿ ಜ್ವರದಿಂದ ಸೊರಗಿದ್ದ ಫ್ರೆಂಚ್ ಸೈನ್ಯ ವರ್ತಿಯೇರ್‌ನಲ್ಲಿ ಸೋತಿತು. ತೂಸಾಂನ ನಂತರ ದಂಗೆಯನ್ನು ಮುನ್ನಡೆಸಿದ ದೆಸಾಲಿನ್ 1804ರ ಜನವರಿ 1ರಂದು ಸ್ವಾತಂತ್ರ್ಯ ಸಾರಿದ. ಗುಲಾಮರೇ ದಂಗೆಯೆದ್ದು, ಗೆದ್ದು ಕಟ್ಟಿಕೊಂಡ ದೇಶ ಚರಿತ್ರೆಯಲ್ಲಿ ಇದೊಂದೇ.

ಈ ದಂಗೆಯ ಬಿಸಿ ದೂರದವರೆಗೆ ತಟ್ಟಿತು. ದ್ವೀಪ ಕೈತಪ್ಪುತ್ತಿರುವುದನ್ನು ಕಂಡ ನೆಪೋಲಿಯನ್ 1803ರಲ್ಲೇ ಲೂಯಿಸಿಯಾನವನ್ನು ಅಮೆರಿಕಕ್ಕೆ ಮಾರಿದ. 1816ರಲ್ಲಿ ದಕ್ಷಿಣ ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರ ಸಿಮೋನ್ ಬೊಲಿವಾರನಿಗೆ ಬಂದೂಕು, ಹಡಗು ಕೊಟ್ಟ ಹೈಟಿಯ ಅಧ್ಯಕ್ಷ ಪೆಟಿಯೋಂ, ಬದಲಿಗೆ ಕೇಳಿದ್ದು ಗುಲಾಮರ ಬಿಡುಗಡೆಯನ್ನು. ಅಮೆರಿಕವಂತೂ 1862ರವರೆಗೆ ಈ ದೇಶವನ್ನು ಮಾನ್ಯ ಮಾಡಲೇ ಇಲ್ಲ.

ಫ್ರೆಂಚರು ಮತ್ತೆ ಬಂದೇ ಬರುತ್ತಾರೆಂಬ ಭಯದಲ್ಲಿ ಸ್ವಾತಂತ್ರ್ಯ ಯುದ್ಧದ ಸೇನಾನಿ ಆನ್ರಿ ಕ್ರಿಸ್ಟೋಫ್ 1805ರಿಂದ 1820ರವರೆಗೆ ಈ ಕೋಟೆ ಕಟ್ಟಿಸಿದ. ಸಂಕೋಲೆ ಕಳಚಿಕೊಂಡ ಜನರನ್ನೇ ಬಲವಂತದ ದುಡಿಮೆಗೆ ಹಚ್ಚಿದ್ದು ಕ್ಷಮಿಸಲಾಗದ ಮಾತು. ನಾನು ಹೋದ ಬೆಳಿಗ್ಗೆ ಮೋಡ ಗೋಡೆಗೆ ಒರಗಿಕೊಂಡೇ ಇತ್ತು. ಒಳಗೆ ಫಿರಂಗಿಗಳ ಸಾಲು. ಕೆಲವುಗಳ ಮೈಮೇಲೆ ಯುರೋಪಿನ ಬೇರೆ ಬೇರೆ ರಾಜರ ಲಾಂಛನಗಳು. ಪಕ್ಕದಲ್ಲಿ ಗೋಪುರದಂತೆ ಒಟ್ಟಿದ ಕಬ್ಬಿಣದ ಗುಂಡುಗಳು. ಮಳೆ, ಮಂಜಿಗೆ ಒಂದಕ್ಕೊಂದು ಬೆಸೆದುಹೋಗಿವೆ, ಮುಟ್ಟಿದರೆ ಅಂಗೈಗೆ ಕೆಂಪು ತುಕ್ಕು ಮೆತ್ತುತ್ತದೆ. ಶತ್ರುವಿನ ಮೇಲೆ ಇಲ್ಲಿಂದ ಒಂದು ಗುಂಡೂ ಹಾರಲಿಲ್ಲ.

ಫ್ರೆಂಚರು ಬಂದದ್ದು 1825ರಲ್ಲಿ, ದಕ್ಷಿಣದ ರಾಜಧಾನಿಗೆ, 14 ಯುದ್ಧನೌಕೆಗಳೊಡನೆ. ಕೈಯಲ್ಲಿ ದೊರೆ ಹತ್ತನೇ ಚಾರ್ಲ್ಸನ ಆಜ್ಞೆ: ಮಾನ್ಯತೆ ಬೇಕಿದ್ದರೆ 15 ಕೋಟಿ ಫ್ರಾಂಕ್ ತೆರಬೇಕು. ತೋಟ ಕಳೆದುಕೊಂಡ ಧಣಿಗಳಿಗೆ ಪರಿಹಾರವಂತೆ. ಆ ನಷ್ಟದ ಲೆಕ್ಕದಲ್ಲಿ ಬಿಡುಗಡೆಯಾದ ಮನುಷ್ಯರ ಬೆಲೆಯೂ ಸೇರಿತ್ತು. ಮೊದಲ ಕಂತು ಕಟ್ಟಲು ಹೈಟಿ ಪ್ಯಾರಿಸ್ಸಿನಲ್ಲೇ ಸಾಲ ಎತ್ತಿತು. 1838ರಲ್ಲಿ ಮೊತ್ತ 9 ಕೋಟಿಗೆ ಇಳಿಯಿತು. ಸಾಲದ ಮೇಲೆ ಸಾಲ ಬೆಳೆದು, ಅದೆಲ್ಲ ತೀರುವಾಗ 1947.