ಮೂಡು ಕಪ್ಪಾದಾಗ

ಮೇ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಕಾಸರಗೋಡಿನ ಸೀತಾಂಗೋಳಿಯ ಪದವಿನಂಚಿನ ಮನೆಯಂಗಳದಲ್ಲಿ ನಿಂತಿದ್ದೀರಿ. ಮುರಕಲ್ಲಿನ ಕಾವು ಚಪ್ಪಲಿಯನ್ನೂ ದಾಟಿ ಸುಡುತ್ತಿದೆ. ಒಂದೆಲೆ ಅಲ್ಲಾಡುತ್ತಿಲ್ಲ. ಚಾಪೆ ತುಂಬ ಹಲಸಿನ ಹಪ್ಪಳ. ಅಂಚು ಒಣಗಿ ಮೇಲೆದ್ದಿದೆ, ನಡು ಇನ್ನೂ ಹಸಿ.

"ಮೂಡು ಕಪ್ಪಾಯ್ತು ಅಕ್ಕಾ, ಹಪ್ಪಳ ಒಳಗೆ ತನ್ನಿ!" ಬೇಲಿಯಾಚೆಯಿಂದ ಕೂಗು.

ಕಡಲಿಂದ ಹೊರಟ ತೇವದ ಗಾಳಿ ಕಾದ ನೆಲದ ಮೇಲೆ ಹಾದು ಘಟ್ಟ ಹತ್ತಿ, ಹತ್ತು ಕಿಲೋಮೀಟರಿಗೂ ಮಿಕ್ಕ ಎತ್ತರದ ಮೋಡವಾಗಿ ಈಗ ನಮ್ಮತ್ತ ಬರುತ್ತಿದೆ. ತಣ್ಣನೆ ಗಾಳಿ ನುಗ್ಗುತ್ತದೆ. ಚಾಪೆಯ ಮೂಲೆ ಮಗುಚುತ್ತದೆ. ಮಿಂಚು. ಒಂದು, ಎರಡು, ಮೂರು... ಒಂಬತ್ತಕ್ಕೆ ಗುಡುಗು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ, ಸಿಡಿಲು ಮೂರು ಕಿಲೋಮೀಟರಿನಾಚೆ. ಅದು ದೂರವಲ್ಲ. ಗುಡುಗು ಕೇಳಿಸುವಷ್ಟು ಹತ್ತಿರವಿದ್ದರೆ ಮುಂದಿನ ಸಿಡಿಲು ನಿಮ್ಮಲ್ಲಿಗೇ ಬೀಳಬಹುದು. ಬೋಳು ಪದವಿನಲ್ಲಿ ನೀವೇ ಎಲ್ಲಕ್ಕಿಂತ ಎತ್ತರ. ಒಂಟಿ ಗೇರುಮರದ ಬುಡ ಆಸರೆಯಲ್ಲ. ಮನೆಯೊಳಗೆ ಬನ್ನಿ, ನಳ್ಳಿ ಮುಟ್ಟಬೇಡಿ. ಕೊನೆಯ ಗುಡುಗಿನ ಬಳಿಕವೂ ಅರ್ಧ ಗಂಟೆ ಒಳಗಿರಿ.

ಮಳೆ ಸುರಿಯುತ್ತದೆ, ಹೆಂಚಿನ ಸದ್ದಿಗೆ ಮಾತು ಕೇಳಿಸುವುದಿಲ್ಲ. ಗಟ್ಟಿ ಮುರಕಲ್ಲು ಇಷ್ಟು ನೀರನ್ನು ಒಮ್ಮೆಲೇ ಕುಡಿಯದು. ಪದವಿನ ಉದ್ದಕ್ಕೂ ಕೆಂಪು ನೀರು ಹರಿದು ಕೆಳಗಿನ ಅಡಕೆತೋಟದ ತೋಡಿಗೆ ಧುಮುಕುತ್ತದೆ. ಅಲ್ಲಿ ಚಳಿಗಾಲದಲ್ಲಿ ಕಲ್ಲು, ಮಣ್ಣು ಹಾಕಿ ಕಟ್ಟಿದ ಕಟ್ಟವಿದೆ, ದಡದಲ್ಲಿ ಪಂಪಿದೆ. ಮಳೆ ಹನಿ ಕಡಿದ ಕೂಡಲೇ ಪಂಪು ಎತ್ತಿಡಲು ಯಾರಾದರೂ ಓಡುತ್ತಾರೆ. ಅಪಾಯ ಇರುವುದು ಅಲ್ಲೇ. ಇಲ್ಲಿ ಮಳೆ ನಿಂತರೂ ಮೇಲಿನ ನೀರು ಇನ್ನೂ ದಾರಿಯಲ್ಲಿದೆ. ತಿಳಿನೀರು ಕೆಂಪಾಗಿ, ತರಗೆಲೆ, ಕಡ್ಡಿ ತೇಲಿ ಬಂದವೆಂದರೆ ಬೊಳ್ಳ, ಅಂದರೆ ನೆರೆ, ಹಿಂದೆಯೇ ಇದೆ.

ದೊಡ್ಡ ಹೊಳೆಯದೂ ಇದೇ ಕಥೆ. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲದಲ್ಲಿ ಗುಡ್ಡ ಕುಸಿದಾಗ ಅಲ್ಲಿನ ಮಣ್ಣು, ಮರ ಪಯಸ್ವಿನಿಗಿಳಿದವು. ಅದೇ ಹೊಳೆ ಕಾಸರಗೋಡಿಗೆ ಬಂದು ಚಂದ್ರಗಿರಿಯಾಗುತ್ತದೆ. ಘಟ್ಟದ ಮಳೆ ನಮ್ಮ ಮಳೆಯೇ.

ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ಸಿಡಿಲಿನ ಕಾಲ ಮುಗಿದು, ಜೂನ್ 1ಕ್ಕೆ ಮಳೆಗಾಲ ಎಂಬ ಲೆಕ್ಕವನ್ನು ಈಗ ನಂಬಿ ಕೂರುವಂತಿಲ್ಲ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ತಲುಪಿತು. ಕಟ್ಟ ಬಿಡಿಸುವ, ಪಂಪು ಮೇಲೆ ತರುವ ಕೆಲಸ ಮೇ ಮೊದಲ ವಾರದಲ್ಲೇ ಮುಗಿಯಲಿ. ಮುಗಿದಿಲ್ಲವೇ? ಪಂಪು ಹೋದರೆ ಹೋಗಲಿ. ತೋಡಿಗಿಳಿಯಬೇಡಿ.